ಮಕ್ಕಳ ಸೊಂಟದ ಕೀಲಿನ ಕೀವು: ಶಸ್ತ್ರಚಿಕಿತ್ಸೆ ಮತ್ತು ವೇಳೆಯ ವಿವೇಕ



ಮಕ್ಕಳ ಸೊಂಟದ ಕೀಲಿನಲ್ಲಿ ಕೀವು ತುಂಬುವ ರೋಗ ಮತ್ತು ಅದರ ಶಸ್ತ್ರಚಿಕಿತ್ಸೆ ಇಂದಿನ ನನ್ನ ವಿಷಯ. ಮೂಳೆ ವೈದ್ಯರು ತಮ್ಮತಮ್ಮೊಳಗೆ ಚರ್ಚಿಸಿಕೊಳ್ಳಬೇಕಾದ ವಿಷಯ ಸಾರ್ವಜನಿಕ ಉಪನ್ಯಾಸಕ್ಕೆ ಏಕೆ ಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಈ ರೋಗದಲ್ಲಿ ಮಗುವಿನ ಕಾಲು ಉಳಿಯುವುದೋ ಕುಂಟಾಗುವುದೋ ಎಂಬುದು ಶಸ್ತ್ರವೈದ್ಯರ ಕೈಚಳಕಕ್ಕಿಂತ ಹೆಚ್ಚಾಗಿ, ಮಗು ಎಷ್ಟನೆಯ ದಿನ ಅವರ ಬಳಿಗೆ ಬಂತು ಎಂಬುದನ್ನು ಅವಲಂಬಿಸಿದೆ. ಆ ದಿನವನ್ನು ನಿರ್ಧರಿಸುವವರು ತಾಯಿ, ಅಜ್ಜಿ, ಆಶಾ ಕಾರ್ಯಕರ್ತೆ, ಊರಿನ ಡಾಕ್ಟರು ಮತ್ತು ಮಕ್ಕಳ ವೈದ್ಯರು. ಆದ್ದರಿಂದ ಇದು ಎಲ್ಲರಿಗೂ ತಿಳಿದಿರಬೇಕಾದ ಸಂಗತಿ.

ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಸೊಂಟದ ಕೀಲಿನಲ್ಲಿ ಕೀವು ಇದೆ ಎಂದು ತಿಳಿದ ದಿನವೇ ಅದನ್ನು ಹೊರತೆಗೆಯಬೇಕು. ಇದೆಯೇನೋ ಎಂಬ ಅನುಮಾನ ಬಂದ ದಿನವೇ ಅದನ್ನು ಪರೀಕ್ಷಿಸಿ ತೀರ್ಮಾನಿಸಬೇಕು. ಮುಂದಿನ ಮಾತೆಲ್ಲ ಈ ಎರಡು ವಾಕ್ಯಗಳಿಗೆ ನಾನು ಕೊಡುವ ಸಮರ್ಥನೆ.

ಕೀಲಿನ ರಚನೆಯಲ್ಲೇ ಇರುವ ಅಪಾಯ

ದೇಹದಲ್ಲಿ ಕೀವು ಎಲ್ಲಿ ಬೇಕಾದರೂ ಆಗಬಹುದು. ತೊಡೆಯಲ್ಲೋ ಬೆನ್ನಲ್ಲೋ ಕುರು ಎದ್ದರೆ ಅದು ಹಣ್ಣಾಗುತ್ತದೆ, ಒಡೆಯುತ್ತದೆ, ಮಾಯುತ್ತದೆ, ಕಲೆಯೊಂದು ಉಳಿಯುತ್ತದೆ. ಸೊಂಟದ ಕೀಲಿನಲ್ಲಿ ಹಾಗಾಗುವುದಿಲ್ಲ. ಏಕೆಂಬುದನ್ನು ತಿಳಿಯಲು ಅದರ ರಚನೆಯನ್ನು ನೋಡಬೇಕು.

ತೊಡೆಮೂಳೆಯ ಮೇಲ್ತುದಿಯಲ್ಲಿ ಗುಂಡಾದ ತಲೆಯಿದೆ, ಅದರ ಕೆಳಗೆ ಕುತ್ತಿಗೆಯಿದೆ. ತಲೆ ಸೊಂಟದೆಲುಬಿನ ಬಟ್ಟಲಿನಲ್ಲಿ ಕೂತಿರುತ್ತದೆ. ಇವೆರಡನ್ನೂ ಸುತ್ತುವರಿದು ದಪ್ಪನೆಯ, ಸುಲಭವಾಗಿ ಹಿಗ್ಗದ ಕೀಲುಚೀಲವಿದೆ. ತಲೆ ಮತ್ತು ಕುತ್ತಿಗೆಯ ನಡುವೆ ಮೂಳೆಯನ್ನು ಉದ್ದಕ್ಕೆ ಬೆಳೆಸುವ ಬೆಳವಣಿಗೆಯ ಫಲಕವಿದೆ. ಹೆಚ್ಚಿನ ಕೀಲುಗಳಲ್ಲಿ ಈ ಫಲಕದ ಕೆಳಗಿನ ಮೂಳೆ ಚೀಲದ ಹೊರಗಿರುತ್ತದೆ. ಸೊಂಟದಲ್ಲಿ ಅದು ಚೀಲದ ಒಳಗೇ ಇದೆ. ರಕ್ತದ ಮೂಲಕ ಬಂದ ರೋಗಾಣು ಮೊದಲು ನೆಲೆಯೂರುವುದು ಸಾಮಾನ್ಯವಾಗಿ ಇದೇ ಜಾಗದಲ್ಲಿ, ಏಕೆಂದರೆ ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ಹರಿವು ನಿಧಾನ. ಮೂಳೆಯ ತೆಳು ಹೊರಪದರವನ್ನು ಒಡೆದು ಬಂದ ಕೀವು ಸೊಂಟದಲ್ಲಿ ನೇರವಾಗಿ ಕೀಲಿನೊಳಗೇ ಸುರಿಯುತ್ತದೆ.

ಕ್ಯಾಟಲೋನಿಯಾದಿಂದ ಆಕ್ಸ್‌ಫರ್ಡಿಗೆ ಬಂದು ನೆಲೆಸಿದ ಶಸ್ತ್ರವೈದ್ಯ ಜೋಸೆಫ್ ಟ್ರುಯೆಟಾ 1950ರ ದಶಕದಲ್ಲಿ ಬೆಳೆಯುವ ಮಕ್ಕಳ ತೊಡೆಮೂಳೆಯ ರಕ್ತಪರಿಚಲನೆಯನ್ನು ಅಧ್ಯಯನ ಮಾಡಿದರು. ಮೂಳೆಯ ಸೋಂಕು ಕೂಸಿನಲ್ಲಿ ಒಂದು ಬಗೆ, ಬೆಳೆದ ಮಗುವಿನಲ್ಲಿ ಇನ್ನೊಂದು ಬಗೆ, ವಯಸ್ಕರಲ್ಲಿ ಮತ್ತೊಂದು ಬಗೆ ಎಂದು ಅವರು ತೋರಿಸಿಕೊಟ್ಟರು. ಮೊದಲ ವರ್ಷದ ಆಸುಪಾಸಿನವರೆಗೆ ಸಣ್ಣ ರಕ್ತನಾಳಗಳು ಬೆಳವಣಿಗೆಯ ಫಲಕವನ್ನು ದಾಟಿ ಮೂಳೆಯ ತಲೆಗೆ ಹೋಗುತ್ತವೆ. ರೋಗಾಣುವಿಗೆ ಅದೇ ದಾರಿ. ಹಾಗಾಗಿ ಹಸುಗೂಸಿನಲ್ಲಿ ಸೋಂಕು ಕುತ್ತಿಗೆಯನ್ನೂ ಫಲಕವನ್ನೂ ತಲೆಯನ್ನೂ ಒಟ್ಟಿಗೆ ಹಾಳುಮಾಡಬಲ್ಲದು. ಮುಂದೆ ಈ ದಾರಿ ಮುಚ್ಚಿಕೊಂಡು ಫಲಕವೇ ಅಡ್ಡಗೋಡೆಯಾಗುತ್ತದೆ. ಆದರೆ ಆಗ ತಲೆಯ ಪೋಷಣೆ ಕುತ್ತಿಗೆಯ ಮೇಲ್ಮೈಗೆ ಅಂಟಿಕೊಂಡು ಏರುವ ಕೆಲವೇ ನಾಳಗಳನ್ನು ಅವಲಂಬಿಸುತ್ತದೆ. ತೋಟಕ್ಕೆ ನೀರು ಹಾಯಿಸುವ ಪೈಪಿನ ಮೇಲೆ ಕಾಲಿಟ್ಟರೆ ತುದಿಯ ಗಿಡ ಒಣಗುವಂತೆ, ಚೀಲದೊಳಗಿನ ಕೀವಿನ ಒತ್ತಡ ಈ ನಾಳಗಳನ್ನು ಅಮುಕಿದರೆ ಮೂಳೆಯ ತಲೆ ರಕ್ತವಿಲ್ಲದೆ ಸಾಯುತ್ತದೆ.

ಇದು ಒಂದು ಹಾನಿ. ಎರಡನೆಯದು ರಾಸಾಯನಿಕ ಹಾನಿ. ಕೀಲಿನ ನುಣುಪಾದ ಹೊದಿಕೆಯಾದ ಮೃದ್ವಸ್ಥಿಯನ್ನು ತಿನ್ನುವ ಕಿಣ್ವಗಳು ರೋಗಾಣುವಿನಿಂದಲೂ ಬರುತ್ತವೆ, ಅದರೊಡನೆ ಹೋರಾಡಲು ಬಂದ ನಮ್ಮದೇ ಬಿಳಿ ರಕ್ತಕಣಗಳಿಂದಲೂ ಬರುತ್ತವೆ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಮೃದ್ವಸ್ಥಿಯ ಸಾರ ಕರಗುವುದು ಕೆಲವೇ ಗಂಟೆಗಳಲ್ಲಿ ಆರಂಭವಾಗಿದೆ. ಔಷಧಿ ರೋಗಾಣುವನ್ನು ಕೊಂದ ಮೇಲೂ ಕೀವು ಅಲ್ಲೇ ಉಳಿದರೆ ಈ ಕಿಣ್ವಗಳ ಕೆಲಸ ಮುಂದುವರಿಯುತ್ತದೆ. ಆಂಟಿಬಯೊಟಿಕ್ ಒಂದೇ ಸಾಲದು ಎಂಬ ವಾದಕ್ಕೆ ಇದೇ ಆಧಾರ. ಮೂರನೆಯದು ಯಾಂತ್ರಿಕ ಹಾನಿ. ಚೀಲ ತುಂಬಿದಂತೆ ಮೂಳೆಯ ತಲೆ ಬಟ್ಟಲಿನಿಂದ ಹೊರಕ್ಕೆ ಸರಿಯುತ್ತದೆ. ಹಸುಗೂಸಿನಲ್ಲಿ ಕೀಲು ಪೂರ್ತಿ ತಪ್ಪಿಹೋಗಬಹುದು.

ಹಣ್ಣಾಗುವವರೆಗೆ ಕಾಯಬಹುದೇ?

ಕೀವು ಕಂಡಲ್ಲಿ ಹೊರಗೆ ಬಿಡಬೇಕೆಂಬುದು ವೈದ್ಯಶಾಸ್ತ್ರದ ಬಹು ಹಳೆಯ ವಿವೇಕ. ನಮ್ಮ ಸುಶ್ರುತ ಸಂಹಿತೆಯ ಸೂತ್ರಸ್ಥಾನ ಬಾವಿನ ಹಂತಗಳನ್ನು ಕಾಯಿ, ಮಾಗುತ್ತಿರುವುದು, ಹಣ್ಣಾದದ್ದು ಎಂದು ವಿಂಗಡಿಸುತ್ತದೆ. ಹಣ್ಣಾಗದ್ದನ್ನು ತಿಳಿಯದೆ ಕೊಯ್ಯುವವನನ್ನೂ ಹಣ್ಣಾದದ್ದನ್ನು ಕೊಯ್ಯದೆ ಬಿಡುವವನನ್ನೂ ಅದು ಸಮನಾಗಿ ಖಂಡಿಸುತ್ತದೆ. ನಿಶ್ಚಯವಿಲ್ಲದೆ ಶಸ್ತ್ರ ಹಿಡಿಯಬಾರದು, ನಿಶ್ಚಯವಾದ ಮೇಲೆ ಹಿಂಜರಿಯಬಾರದು ಎಂಬುದು ಅದರ ತಾತ್ಪರ್ಯ. ಈ ಎರಡು ಅಂಚಿನ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ.

ಆದರೆ ಹಣ್ಣಾಗಿದೆಯೆಂದು ತಿಳಿಯುವ ಹಳೆಯ ಗುರುತುಗಳು ಸೊಂಟಕ್ಕೆ ಒಗ್ಗುವುದಿಲ್ಲ. ಕೀಲು ದಪ್ಪ ಸ್ನಾಯುಗಳ ಅಡಿಯಲ್ಲಿ ಹುದುಗಿದೆ. ಕಣ್ಣಿಗೆ ಊತ ಕಾಣಿಸುವ, ಚರ್ಮ ಕೆಂಪಾಗುವ ಹೊತ್ತಿಗೆ ಕೀವು ಚೀಲವನ್ನು ಒಡೆದು ತೊಡೆಗಿಳಿದಿರುತ್ತದೆ. ಅಷ್ಟರಲ್ಲಿ ಒಳಗೆ ಆಗಬೇಕಾದ ಅನಾಹುತ ಆಗಿರುತ್ತದೆ. ಆದುದರಿಂದ ಇಲ್ಲಿ ನಿಶ್ಚಯವನ್ನು ಕಾದು ಪಡೆಯುವಂತಿಲ್ಲ. ಸೂಜಿ ಚುಚ್ಚಿ, ದ್ರವ ಎಳೆದು, ಅದೇ ಗಂಟೆಯಲ್ಲಿ ಪಡೆಯಬೇಕು. ಹಳೆಯ ತತ್ವ ಹಾಗೇ ಇದೆ. ಅದನ್ನು ಪಾಲಿಸುವ ಸಾಧನ ಬದಲಾಗಿದೆ.

ಕೂಸುಗಳ ಕೀಲುರೋಗವನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದವರು ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಥಾಮಸ್ ಸ್ಮಿತ್. 1874ರಲ್ಲಿ ಅವರು 21 ಕೂಸುಗಳ ವೃತ್ತಾಂತ ಪ್ರಕಟಿಸಿದರು. ಹುಟ್ಟಿದ ಒಂದು ವರ್ಷದೊಳಗೆ ಬರುವ, ಬಲು ಬೇಗ ಉಲ್ಬಣಿಸುವ, ಅನೇಕ ಮಕ್ಕಳ ಪ್ರಾಣ ತೆಗೆಯುವ, ಬದುಕುಳಿದವರಲ್ಲಿ ಮೂಳೆಯ ತುದಿಯನ್ನೇ ಇಲ್ಲವಾಗಿಸುವ ರೋಗವೆಂದು ಅವರು ಅದನ್ನು ಚಿತ್ರಿಸಿದರು. ಅವರ ಹೆಸರಿನಿಂದಲೇ ಅದನ್ನು ಕರೆಯುವ ರೂಢಿ ಈಗಲೂ ಇದೆ. ಆಗ ರೋಗಾಣುವಿಗೆ ಮದ್ದಿರಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಬಂದಾಗ ಸಾವು ಬಹಳ ಕಡಿಮೆಯಾಯಿತು. ಶಸ್ತ್ರಚಿಕಿತ್ಸೆ ಇನ್ನು ಬೇಡವಾಗುತ್ತದೆ ಎಂಬ ನಿರೀಕ್ಷೆಯೂ ಹುಟ್ಟಿತು. ಹಾಗಾಗಲಿಲ್ಲ. ಪ್ರಾಣ ಉಳಿದ ಮಕ್ಕಳು ಕುಂಟುತ್ತಾ ಬೆಳೆದಾಗ, ಜೀವ ಉಳಿಸುವುದು ಬೇರೆ, ಕೀಲು ಉಳಿಸುವುದು ಬೇರೆ ಎಂಬ ಪಾಠ ವೈದ್ಯಲೋಕಕ್ಕೆ ಸಿಕ್ಕಿತು.

ಗುರುತಿಸುವ ಬಗೆ

ನಡೆಯಲು ಕಲಿತ ಮಗುವಿನಲ್ಲಿ ರೋಗ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಜ್ವರ ಬರುತ್ತದೆ, ಮಗು ಕಾಲೂರಲು ಒಪ್ಪುವುದಿಲ್ಲ, ತೊಡೆಯನ್ನು ಮಡಿಸಿ ಹೊರಕ್ಕೆ ತಿರುಗಿಸಿಕೊಂಡು ಮಲಗುತ್ತದೆ. ಆ ಭಂಗಿಯಲ್ಲಿ ಚೀಲದೊಳಗಿನ ಒತ್ತಡ ಕಡಿಮೆ, ಅದಕ್ಕೇ ಮಗು ಹಾಗೆ ಮಲಗುವುದು. ಯಾರಾದರೂ ಕಾಲನ್ನು ತಿರುಗಿಸಲು ಹೋದರೆ ಚೀರುತ್ತದೆ. ಕೆಲವು ಮಕ್ಕಳು ಮೊಣಕಾಲು ನೋವೆಂದು ತೋರಿಸುತ್ತಾರೆ. ಮೊಣಕಾಲಿನ ಎಕ್ಸ್‌ರೇ ತೆಗೆದು ಏನೂ ಇಲ್ಲವೆಂದು ಮನೆಗೆ ಕಳಿಸಿಬಿಡುವ ಅಪಾಯ ಇಲ್ಲಿದೆ.

ಹಸುಗೂಸಿನಲ್ಲಿ ಇವಾವುದೂ ಸ್ಪಷ್ಟವಿರುವುದಿಲ್ಲ. ಜ್ವರ ಇಲ್ಲದಿರಬಹುದು, ಬಿಳಿ ರಕ್ತಕಣಗಳ ಸಂಖ್ಯೆ ಏರದಿರಬಹುದು. ಕೂಸು ಹಾಲು ಸರಿಯಾಗಿ ಕುಡಿಯುವುದಿಲ್ಲ, ಬಟ್ಟೆ ಬದಲಿಸುವಾಗ ಅಳುತ್ತದೆ, ಒಂದು ಕಾಲನ್ನು ಒದೆಯುವುದೇ ಇಲ್ಲ. ಕಾಲಿಗೆ ಶಕ್ತಿಯಿಲ್ಲವೇನೋ ಎಂಬಂತೆ ಕಾಣುವ ಈ ಸ್ಥಿತಿ ಪಾರ್ಶ್ವವಾಯುವಲ್ಲ. ನೋವಿನ ಭಯದಿಂದ ಕೂಸು ಕಾಲನ್ನು ಅಲ್ಲಾಡಿಸದೆ ಇಟ್ಟುಕೊಂಡಿರುತ್ತದೆ. ಎಕ್ಸ್‌ರೇ ಕೂಡ ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ತೊಡೆಮೂಳೆಯ ತಲೆ ಹುಟ್ಟುವಾಗ ಪೂರ್ತಿ ಮೃದ್ವಸ್ಥಿ. ಅದರೊಳಗೆ ಎಲುಬಿನ ಬಿಂದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 4ರಿಂದ 6 ತಿಂಗಳಿಗೆ. ಅವಧಿಗೆ ಮುಂಚೆ ಹುಟ್ಟಿದ, ತೀವ್ರ ನಿಗಾ ಘಟಕದಲ್ಲಿ ಹೊಕ್ಕುಳಿನ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡ, ರಕ್ತದಲ್ಲಿ ನಂಜೇರಿದ ಕೂಸುಗಳಿಗೆ ಅಪಾಯ ಹೆಚ್ಚು. ಇಂಥ ಕೂಸುಗಳಲ್ಲಿ ಒಂದಕ್ಕಿಂತ ಹೆಚ್ಚು ಕೀಲುಗಳು ಸೋಂಕಿಗೊಳಗಾಗುವುದೂ ಸಾಮಾನ್ಯ. ಒಂದು ಕೀಲಿನಲ್ಲಿ ಕೀವು ಸಿಕ್ಕಿತೆಂದು ಉಳಿದವನ್ನು ನೋಡದೆ ಬಿಡಬಾರದು.

ದೊಡ್ಡ ಮಕ್ಕಳಲ್ಲಿ ಮುಖ್ಯ ಗೊಂದಲವಾಗುವುದು ತಾತ್ಕಾಲಿಕ ಉರಿಯೂತದೊಡನೆ. ಶೀತ, ಕೆಮ್ಮು ಬಂದುಹೋದ ಮೇಲೆ ಸೊಂಟದ ಕೀಲಿನಲ್ಲಿ ಸ್ವಲ್ಪ ನೀರು ಸೇರಿ, ವಿಶ್ರಾಂತಿಯಿಂದಲೇ ವಾಸಿಯಾಗುವ ನಿರಪಾಯದ ಸ್ಥಿತಿ ಇದು. ಇವೆರಡನ್ನು ಬೇರ್ಪಡಿಸಲು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮಿನಿಂದರ್ ಕೋಚರ್ ಮತ್ತು ಸಂಗಡಿಗರು 1999ರಲ್ಲಿ ನಾಲ್ಕು ಸೂಚಕಗಳನ್ನು ಮುಂದಿಟ್ಟರು: 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕಾಲೂರಲಾಗದಿರುವುದು, ಉರಿಯೂತ ತೋರಿಸುವ ರಕ್ತಪರೀಕ್ಷೆಯಾದ ಇ.ಎಸ್.ಆರ್. 40 ಅಥವಾ ಅದಕ್ಕಿಂತ ಹೆಚ್ಚು, ಬಿಳಿ ರಕ್ತಕಣ 12,000 ಮೀರಿರುವುದು. ಅವರ ಲೆಕ್ಕದಲ್ಲಿ ನಾಲ್ಕೂ ಇದ್ದರೆ ಕೀವಿನ ಸಂಭವ ಶೇ. 99.6, ಒಂದೂ ಇಲ್ಲದಿದ್ದರೆ ಶೇ. 0.2ಕ್ಕಿಂತ ಕಡಿಮೆ. 2004ರಲ್ಲಿ ಅವರೇ ಮರುಪರಿಶೀಲಿಸಿದಾಗ ಮೊದಲ ಅಂಕಿ ಶೇ. 93ಕ್ಕೆ ಇಳಿಯಿತು. ಅದೇ ವರ್ಷ ಸೇಂಟ್ ಲೂಯಿಸಿನ ವೈದ್ಯರು ತಮ್ಮ ರೋಗಿಗಳಿಗೆ ಅದೇ ಅಳತೆಗೋಲು ಹಿಡಿದಾಗ ಸಿಕ್ಕಿದ್ದು ಶೇ. 59. 2006ರಲ್ಲಿ ಫಿಲಡೆಲ್ಫಿಯಾದ ಅಧ್ಯಯನವೊಂದು ಉರಿಯೂತದ ಇನ್ನೊಂದು ರಕ್ತಪರೀಕ್ಷೆಯಾದ ಸಿ.ಆರ್.ಪಿ. ಲೀಟರಿಗೆ 20 ಮಿಲಿಗ್ರಾಂ ಮೀರಿರುವುದನ್ನು ಐದನೆಯ ಸೂಚಕವಾಗಿ ಸೇರಿಸಿತು.

ಈ ಅಂಕಿಗಳ ಏರಿಳಿತದಿಂದ ನಾವು ತಿಳಿಯಬೇಕಾದದ್ದೇನು? ಸೂಚಕಗಳು ಅನುಮಾನವನ್ನು ಬಲಪಡಿಸುತ್ತವೆ, ತೀರ್ಪು ಕೊಡುವುದಿಲ್ಲ. ಹಸುಗೂಸಿಗಂತೂ ಅವು ಹೊಂದುವುದೇ ಇಲ್ಲ. ಅರ್ಧಂಬರ್ಧ ಆಂಟಿಬಯೊಟಿಕ್ ಕುಡಿದು ಬಂದ ಮಗುವಿನಲ್ಲಿ ಜ್ವರವೂ ರಕ್ತಕಣಗಳೂ ತಗ್ಗಿರುತ್ತವೆ. ಕೀಲಿನೊಳಗಿನ ಕೀವು ತಗ್ಗಿರುವುದಿಲ್ಲ. ನಮ್ಮ ನಾಡಿನಲ್ಲಿ ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಅನೇಕರು ಈ ಬಗೆಯವರು.

ತೀರ್ಪು ಕೊಡುವುದು ಸ್ಕ್ಯಾನ್ ಮತ್ತು ಸೂಜಿ. ಅಲ್ಟ್ರಾಸೌಂಡ್ ಕೀಲಿನಲ್ಲಿ ದ್ರವ ಇದೆಯೇ ಇಲ್ಲವೇ ಎಂದು ಹೇಳುತ್ತದೆ. ಅದು ಕೀವೋ ನೀರೋ ಎಂದು ಖಚಿತವಾಗಿ ಹೇಳಲಾರದು. ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿ ಎಳೆದ ದ್ರವದಲ್ಲಿ ಬಿಳಿ ರಕ್ತಕಣಗಳು ಘನ ಮಿಲಿಮೀಟರಿಗೆ 50,000 ಮೀರಿದ್ದು, ಹೆಚ್ಚಿನವು ನ್ಯೂಟ್ರೊಫಿಲ್‌ಗಳಾಗಿದ್ದರೆ ಕೀವೆಂದೇ ನಡೆದುಕೊಳ್ಳಬೇಕು. ಅದೇ ದ್ರವ ಕಲ್ಚರ್ ಪರೀಕ್ಷೆಗೂ ಹೋಗಬೇಕು. ನಮ್ಮ ದೇಶದಲ್ಲಿ ಕ್ಷಯದ ಪರೀಕ್ಷೆಯೂ ಜೊತೆಗಿರಬೇಕು. ಸೊಂಟದ ಕ್ಷಯ ವಾರ, ತಿಂಗಳುಗಳ ಕಾಲ ಮೆಲ್ಲನೆ ಬೆಳೆಯುತ್ತದೆ, ಅದರ ದಾರಿ ಬೇರೆ. ಎಂ.ಆರ್.ಐ. ಅಕ್ಕಪಕ್ಕದ ಮೂಳೆಯ ಸೋಂಕನ್ನೂ ಸೋಯಸ್ ಸ್ನಾಯುವಿನ ಕೀವನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಎಂ.ಆರ್.ಐ. ಸರದಿಗಾಗಿ ಮಗುವನ್ನು ರಾತ್ರಿಯೆಲ್ಲ ಕಾಯಿಸುವುದು ಸಲ್ಲದು.

ಶಸ್ತ್ರಚಿಕಿತ್ಸೆಯ ತತ್ವ ಮತ್ತು ಕ್ರಮ

ಕೀವು ಸಿಕ್ಕಿತು. ಮುಂದೇನು? ಚೀಲ ತೆರೆದು ತೊಳೆಯುವ ಶಸ್ತ್ರಕ್ರಿಯೆಗೆ ಆರ್ತ್ರಾಟಮಿ ಎಂದು ಹೆಸರು. ಮಗುವಿಗೆ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸುತ್ತಾರೆ. ಸೊಂಟದೆಲುಬಿನ ಮುಂದಿನ ಮೊನೆಯ ಕೆಳಗೆ, ತೊಡೆಸಂದಿನ ಮಡಿಕೆಗೆ ಹೊಂದುವಂತೆ ಸಣ್ಣ ಛೇದ ಮಾಡುತ್ತಾರೆ. ಎರಡು ಸ್ನಾಯುಗಳ ನಡುವಿನ ಸಹಜ ಸಂದಿನಲ್ಲಿ, ತೊಡೆಯ ಹೊರಬದಿಗೆ ಸ್ಪರ್ಶಜ್ಞಾನ ಕೊಡುವ ನರವನ್ನು ಕಾಪಾಡಿಕೊಂಡು, ಚೀಲವನ್ನು ಮುಂದಿನಿಂದ ತಲುಪುತ್ತಾರೆ. ಮುಂದಿನಿಂದಲೇ ಹೋಗುವುದಕ್ಕೆ ಬಲವಾದ ಕಾರಣವಿದೆ. ತಲೆಗೆ ರಕ್ತ ತರುವ ಮುಖ್ಯ ನಾಳ ಕೀಲಿನ ಹಿಂಬದಿಯಿಂದ ಬರುತ್ತದೆ. ಹಿಂದಿನಿಂದ ಹೋದರೆ, ಕೀವಿನ ಒತ್ತಡದಿಂದ ಆಗಲೇ ಬಳಲಿರುವ ಆ ನಾಳಕ್ಕೆ ನಮ್ಮ ಕೈಯಿಂದಲೇ ಪೆಟ್ಟಾಗಬಹುದು.

ಚೀಲದಲ್ಲಿ ಕಿಟಕಿಯಂತೆ ಒಂದು ಭಾಗ ತೆಗೆದು, ಕೀವಿನ ಮಾದರಿ ತೆಗೆದುಕೊಂಡು, ಉಪ್ಪುನೀರಿನ ದ್ರಾವಣದಿಂದ ತಿಳಿಯಾಗುವವರೆಗೆ ತೊಳೆಯುತ್ತಾರೆ. ಚೆನ್ನಾಗಿ ತೊಳೆಯುವ ಉತ್ಸಾಹದಲ್ಲಿ ಮೂಳೆಯ ತಲೆಯನ್ನು ಬಟ್ಟಲಿನಿಂದ ಹೊರಗೆಳೆಯಬಾರದು. ಚೀಲವನ್ನು ಹೊಲಿಯುವುದಿಲ್ಲ, ಉಳಿದ ಕೀವು ಹೊರಬರಲು ದಾರಿ ಇರಬೇಕು. ಸೋರುನಳಿಕೆಯೊಂದನ್ನು ಎರಡು ಮೂರು ದಿನ ಬಿಡುತ್ತಾರೆ. ಕುತ್ತಿಗೆಯ ಮೂಳೆಯಲ್ಲಿ ಸೋಂಕಿನ ಗುರುತಿದ್ದರೆ, ಬೆಳವಣಿಗೆಯ ಫಲಕಕ್ಕೆ ತಾಗದಂತೆ ಸಣ್ಣ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುತ್ತಾರೆ. ಕೊನೆಯಲ್ಲಿ ಕೀಲು ನೆಲೆಯಾಗಿ ಕೂತಿದೆಯೇ ಎಂದು ಪರೀಕ್ಷಿಸಲೇಬೇಕು. ಸಡಿಲವಿದ್ದರೆ ಕಾಲುಗಳನ್ನು ಅಗಲಿಸಿ ಹಿಡಿಯುವ ಪಟ್ಟಿಯನ್ನೋ ಪ್ಲಾಸ್ಟರನ್ನೋ ಕೆಲವು ವಾರ ಹಾಕಬೇಕಾಗುತ್ತದೆ. ಮೂಳೆ ಶಸ್ತ್ರಚಿಕಿತ್ಸೆಗಳ ಸಾಲಿನಲ್ಲಿ ಇದು ಸರಳವಾದದ್ದು. ಮಕ್ಕಳಿಗೆ ಸುರಕ್ಷಿತ ಅರಿವಳಿಕೆ ಕೊಡಬಲ್ಲ ವೈದ್ಯರಿರುವ ಜಿಲ್ಲಾ ಕೇಂದ್ರದಲ್ಲಿ ಇದನ್ನು ಮಾಡಬಹುದು.

ಎಲ್ಲ ಮಕ್ಕಳಿಗೂ ತೆರೆದ ಶಸ್ತ್ರಕ್ರಿಯೆಯೇ ಬೇಕೇ ಎಂಬ ಪ್ರಶ್ನೆ ಇಂದು ಗಂಭೀರವಾಗಿ ಚರ್ಚೆಯಲ್ಲಿದೆ. ಆರ್ತ್ರೊಸ್ಕೋಪ್ ಎಂಬ ದರ್ಶಕ ನಳಿಕೆಯನ್ನು ಸಣ್ಣ ರಂಧ್ರಗಳಿಂದ ಹಾಕಿ ತೊಳೆಯುವ ಕ್ರಮವಿದೆ. ಆಸ್ಪತ್ರೆವಾಸ ಕಡಿಮೆ, ಕಲೆ ಕಡಿಮೆ. ಇಸ್ರೇಲಿನ ವೈದ್ಯರು ಅಲ್ಟ್ರಾಸೌಂಡಿನ ಮಾರ್ಗದರ್ಶನದಲ್ಲಿ ದಿನದಿನವೂ ಸೂಜಿಯಿಂದ ಎಳೆದು ತೊಳೆದು ಒಳ್ಳೆಯ ಫಲ ಪಡೆದ ವರದಿ ಕೊಟ್ಟಿದ್ದಾರೆ. ಫಿನ್ಲೆಂಡಿನ ವೈದ್ಯರಂತೂ ಹೆಚ್ಚಿನ ಮಕ್ಕಳಿಗೆ ಒಮ್ಮೆ ಸೂಜಿ ಹಾಕಿ ತೆಗೆದು ಔಷಧಿ ಕೊಟ್ಟರೆ ಸಾಕೆಂದು ವಾದಿಸಿದ್ದಾರೆ.

ಈ ವರದಿಗಳನ್ನು ನಾನು ಗೌರವದಿಂದ ಓದುತ್ತೇನೆ. ಆದರೆ ಅವುಗಳ ಹಿನ್ನೆಲೆಯನ್ನು ಬಿಟ್ಟು ಫಲವನ್ನಷ್ಟೇ ನಾವು ತೆಗೆದುಕೊಳ್ಳಬಾರದು. ಅಲ್ಲಿನ ಮಕ್ಕಳು ಬಹುಪಾಲು ಬೇಗ ಬಂದವರು, ಹಸುಗೂಸಿನ ವಯಸ್ಸು ದಾಟಿದವರು, ಔಷಧಿಗೆ ಬಗ್ಗುವ ರೋಗಾಣು ಹೊಂದಿದವರು. ದಿನವೂ ಸ್ಕ್ಯಾನ್ ಮಾಡುವ ವ್ಯವಸ್ಥೆ ಅಲ್ಲಿತ್ತು. ನಾಲ್ಕೈದು ದಿನ ತಡವಾಗಿ ಬಂದ ಮಗುವಿನಲ್ಲಿ ಕೀವು ಗಟ್ಟಿಯಾಗಿ ಗೆಡ್ಡೆಕಟ್ಟಿರುತ್ತದೆ. ಸೂಜಿಗೆ ಅದು ಬರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಹಸುಗೂಸಿನಲ್ಲಿ, ತಡವಾಗಿ ಬಂದ ಮಗುವಿನಲ್ಲಿ, ಮೂಳೆಯ ಸೋಂಕೂ ಜೊತೆಗಿರುವಲ್ಲಿ, ಕೀಲು ಸರಿದಿರುವಲ್ಲಿ ತೆರೆದು ತೊಳೆಯುವುದೇ ಸರಿಯಾದ ದಾರಿ. ಒಂದೆರಡು ದಿನದೊಳಗೆ ಬಂದ ದೊಡ್ಡ ಮಗುವಿನಲ್ಲಿ, ನುರಿತ ಕೈ ಮತ್ತು ನಿತ್ಯ ನಿಗಾ ಎರಡೂ ಇದ್ದರೆ, ಚಿಕ್ಕ ವಿಧಾನಗಳಿಗೆ ಅವಕಾಶವಿದೆ. ಯಾವ ವಿಧಾನವಾದರೂ 48ರಿಂದ 72 ಗಂಟೆಗಳಲ್ಲಿ ಜ್ವರ ಇಳಿಯದೆ, ಸಿ.ಆರ್.ಪಿ. ತಗ್ಗದೆ ಇದ್ದರೆ ಮತ್ತೆ ಸ್ಕ್ಯಾನ್ ಮಾಡಬೇಕು, ಮತ್ತೆ ತೆರೆಯಲು ಸಿದ್ಧವಿರಬೇಕು.

ಔಷಧಿಯ ಪಾತ್ರ

ಶಸ್ತ್ರಚಿಕಿತ್ಸೆ ಕೀವನ್ನು ತೆಗೆಯುತ್ತದೆ. ರೋಗಾಣುವನ್ನು ನಿರ್ಮೂಲ ಮಾಡುವುದು ಆಂಟಿಬಯೊಟಿಕ್. ಜಗತ್ತಿನೆಲ್ಲೆಡೆ ಈ ರೋಗಕ್ಕೆ ಮುಖ್ಯ ಕಾರಣ ಸ್ಟೆಫೈಲೊಕಾಕಸ್ ಆರಿಯಸ್. ನವಜಾತ ಶಿಶುಗಳಲ್ಲಿ ಸ್ಟ್ರೆಪ್ಟೊಕಾಕಸ್, ಹಾಗೂ ನಮ್ಮ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲಾದಂಥ ರೋಗಾಣುಗಳೂ ಕಾಣಿಸುತ್ತವೆ. ಆರು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಿಂಗೆಲ್ಲಾ ಕಿಂಗೆ ಎಂಬ, ಕಲ್ಚರಿಗೆ ಸುಲಭವಾಗಿ ಸಿಗದ ರೋಗಾಣುವಿನ ಪಾತ್ರ ಈಚಿನ ದಶಕಗಳಲ್ಲಿ ಸ್ಪಷ್ಟವಾಗಿದೆ. ಒಂದು ಕಾಲಕ್ಕೆ ಪ್ರಮುಖವಾಗಿದ್ದ ಹಿಮೊಫಿಲಸ್ ಇನ್‌ಫ್ಲುಯೆಂಜಾ ಬಿ ರೋಗಾಣು ಲಸಿಕೆಯಿಂದಾಗಿ ಅನೇಕ ದೇಶಗಳಲ್ಲಿ ಬಹುತೇಕ ಮರೆಯಾಗಿದೆ. ಅದರ ವಿರುದ್ಧ ರಕ್ಷಣೆಯನ್ನು ಒಳಗೊಂಡ ಪೆಂಟಾವೇಲೆಂಟ್ ಲಸಿಕೆಯನ್ನು ಭಾರತ 2011ರ ಕೊನೆಯಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಆರಂಭಿಸಿ, ಬಳಿಕ ದೇಶಕ್ಕೆಲ್ಲ ವಿಸ್ತರಿಸಿತು. ಶಸ್ತ್ರಕ್ಕಿಂತ ಮೊದಲೇ ಕೀಲನ್ನು ಉಳಿಸುವ ಉಪಾಯಗಳಲ್ಲಿ ಲಸಿಕೆ ಒಂದು ಎಂಬುದನ್ನು ಮರೆಯಬಾರದು.

ಸಾಧ್ಯವಾದಲ್ಲೆಲ್ಲ ರಕ್ತ ಮತ್ತು ಕೀಲಿನ ದ್ರವದ ಮಾದರಿ ತೆಗೆದು, ತಕ್ಷಣವೇ ರಕ್ತನಾಳದ ಮೂಲಕ ಔಷಧಿ ಆರಂಭಿಸಬೇಕು. ಮಗು ನಂಜೇರಿ ಬಳಲಿದ್ದರೆ ಮಾದರಿಗಾಗಿ ಔಷಧಿಯನ್ನು ತಡೆಯಬಾರದು. ಹಿಂದೆ ನಾಲ್ಕಾರು ವಾರ ಇಂಜೆಕ್ಷನ್ ಕೊಡುವುದು ವಾಡಿಕೆಯಾಗಿತ್ತು. ಫಿನ್ಲೆಂಡಿನ ಹೈಕ್ಕಿ ಪೆಲ್ಟೊಲಾ ಮತ್ತು ಸಂಗಡಿಗರು 10 ದಿನ ಮತ್ತು 30 ದಿನಗಳ ಚಿಕಿತ್ಸೆಯನ್ನು ಹೋಲಿಸಿ, ಬೇಗ ಗುಣ ಕಾಣುವ ಮಕ್ಕಳಿಗೆ ಕಡಿಮೆ ಅವಧಿಯೂ ಸಾಕೆಂದು 2009ರಲ್ಲಿ ತೋರಿಸಿದರು. ಮೊದಲ ಕೆಲವು ದಿನ ಮಾತ್ರ ಇಂಜೆಕ್ಷನ್, ಆಮೇಲೆ ಬಾಯಿಯ ಔಷಧಿ ಎಂಬ ಕ್ರಮ ಅದರಿಂದ ಬಲಗೊಂಡಿತು. ಹಸುಗೂಸುಗಳಿಗೆ, ಮೂಳೆಯ ಸೋಂಕಿರುವವರಿಗೆ, ಔಷಧಿಗೆ ಬಗ್ಗದ ಸ್ಟೆಫೈಲೊಕಾಕಸ್ ಇರುವವರಿಗೆ ಈ ಚಿಕ್ಕ ಅವಧಿಯನ್ನು ಹಾಗೇ ಅನ್ವಯಿಸಲಾಗದು. ಅವಧಿಯನ್ನು ಮಗುವಿನ ಚೇತರಿಕೆ ಮತ್ತು ಸಿ.ಆರ್.ಪಿ. ನೋಡಿ ತೀರ್ಮಾನಿಸಬೇಕು.

ತಡವಾದಾಗ

ತಡವಾದರೆ ಏನಾಗುತ್ತದೆ ಎಂಬುದನ್ನು ಯಾವ ಅಲಂಕಾರವೂ ಇಲ್ಲದೆ ಹೇಳಬೇಕು. ಹುಟ್ಟಿದ ಆರು ತಿಂಗಳೊಳಗೆ ರೋಗ ಬಂದದ್ದು, ಚಿಕಿತ್ಸೆ ನಾಲ್ಕೈದು ದಿನ ತಡವಾದದ್ದು, ಅವಧಿಪೂರ್ವ ಜನನ, ಮೂಳೆಯ ಸೋಂಕು ಜೊತೆಗೂಡಿದ್ದು ಕೆಟ್ಟ ಫಲಕ್ಕೆ ಕಾರಣಗಳೆಂದು ಹಲವು ಅಧ್ಯಯನಗಳು ಒಪ್ಪುತ್ತವೆ. ಈ ನಾಲ್ಕರಲ್ಲಿ ಮಗು ಕಾಯಿಲೆ ಬಿದ್ದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಎರಡನೆಯದು ಮಾತ್ರ.

ಸೋಂಕಿನ ನಂತರ ಉಳಿಯುವ ವಿಕಾರಗಳನ್ನು ಕೊರಿಯಾದ ಚೊಯ್ ಮತ್ತು ಸಂಗಡಿಗರು 1990ರಲ್ಲಿ ನಾಲ್ಕು ವರ್ಗ ಮಾಡಿದರು. ಮೊದಲ ವರ್ಗದಲ್ಲಿ ಕೀಲು ಬಹುತೇಕ ಸರಿಯಾಗಿರುತ್ತದೆ. ಎರಡನೆಯದರಲ್ಲಿ ತಲೆ, ಬೆಳವಣಿಗೆಯ ಫಲಕ, ಕುತ್ತಿಗೆ ವಿಕಾರಗೊಳ್ಳುತ್ತವೆ. ಮೂರನೆಯದರಲ್ಲಿ ಕುತ್ತಿಗೆ ತಿರುಚಿಕೊಳ್ಳುತ್ತದೆ ಅಥವಾ ನಡುವೆ ಕೂಡಿಕೊಳ್ಳದೆ ಉಳಿಯುತ್ತದೆ. ನಾಲ್ಕನೆಯದರಲ್ಲಿ ತಲೆಯೂ ಕುತ್ತಿಗೆಯೂ ಇಲ್ಲವಾಗುತ್ತವೆ. ತೊಡೆಮೂಳೆಯ ಉದ್ದದಲ್ಲಿ ಸುಮಾರು ಶೇ. 30ರಷ್ಟು ಬೆಳವಣಿಗೆ ಈ ಮೇಲ್ತುದಿಯ ಫಲಕದಿಂದ ಬರುತ್ತದೆ. ಅದು ನಾಶವಾದ ಕೂಸಿನ ಕಾಲು ವರ್ಷ ವರ್ಷಕ್ಕೂ ಗಿಡ್ಡವಾಗುತ್ತಾ ಹೋಗುತ್ತದೆ.

ಇದಕ್ಕೆ ಶಸ್ತ್ರವೈದ್ಯದಲ್ಲಿ ಉತ್ತರಗಳಿವೆ. ತಿರುಚಿದ ಕುತ್ತಿಗೆಯ ಮೂಳೆಯನ್ನು ಕತ್ತರಿಸಿ ಕೋನ ಸರಿಪಡಿಸಬಹುದು, ಕೂಡದ ಕುತ್ತಿಗೆಗೆ ಮೂಳೆಯ ಕಸಿ ಹಾಕಬಹುದು, ಬಟ್ಟಲನ್ನು ಆಳವಾಗಿಸಬಹುದು. ತಲೆಯೇ ಇಲ್ಲದಲ್ಲಿ ತೊಡೆಮೂಳೆಯ ಪಕ್ಕದ ಉಬ್ಬನ್ನು ಬಟ್ಟಲಿಗೆ ಕೂರಿಸಿದ ಪ್ರಯತ್ನಗಳಿವೆ. ದೀರ್ಘಕಾಲದ ಫಲ ಮಿಶ್ರವಾಗಿದೆ. ಹದಿಹರೆಯದ ಹೊತ್ತಿಗೆ ಇಲಿಜಾರೊವ್ ವಿಧಾನದಲ್ಲಿ ಮೂಳೆಯನ್ನು ಎರಡು ಕಡೆ ಕತ್ತರಿಸಿ, ಮೇಲಿನಿಂದ ಸೊಂಟಕ್ಕೆ ಆಸರೆ ಕೊಟ್ಟು ಕೆಳಗಿನಿಂದ ಉದ್ದ ಹೆಚ್ಚಿಸಬಹುದು. ವಯಸ್ಕರಾದ ಮೇಲೆ ಕೃತಕ ಕೀಲು ಹಾಕಬಹುದು. ಸಣ್ಣದಾಗಿ ಉಳಿದ ಮೂಳೆ, ಕುಗ್ಗಿದ ಸ್ನಾಯುಗಳಿಂದಾಗಿ ಅದು ಸಾಮಾನ್ಯ ಕೀಲು ಬದಲಾವಣೆಗಿಂತ ಕಷ್ಟದ ಕೆಲಸ.

ಇಲ್ಲಿ ಆತುರಕ್ಕೆ ಎಡೆಯಿಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ಎಕ್ಸ್‌ರೇಯಲ್ಲಿ ತಲೆ ಕಾಣಲಿಲ್ಲವೆಂದರೆ ಅದು ಇಲ್ಲವೆಂದೇ ಅರ್ಥವಲ್ಲ. ಮೃದ್ವಸ್ಥಿಯ ರೂಪದಲ್ಲಿ ಉಳಿದಿದ್ದು, ತಿಂಗಳುಗಳ ನಂತರ ಎಲುಬಾಗಿ ಗೋಚರಿಸುವುದುಂಟು. ಎಂ.ಆರ್.ಐ. ಅಥವಾ ಕೀಲಿನೊಳಗೆ ಬಣ್ಣ ಹಾಯಿಸಿ ತೆಗೆದ ಚಿತ್ರ ನೋಡಿದ ಮೇಲೆ, ಸೋಂಕು ಸಂಪೂರ್ಣ ಶಾಂತವಾದ ಮೇಲೆ, ಪುನರ್ನಿರ್ಮಾಣದ ಮಾತು ಆಡಬೇಕು. ಕೀವು ತೆಗೆಯುವಾಗ ಗಂಟೆಗಳ ಲೆಕ್ಕ. ಪುನರ್ನಿರ್ಮಾಣಕ್ಕೆ ವರ್ಷಗಳ ಲೆಕ್ಕ. ಈ ಕಾರಣದಿಂದಲೇ ಚೆನ್ನಾಗಿ ಗುಣವಾದಂತೆ ಕಾಣುವ ಮಗುವನ್ನೂ ಮೂಳೆ ಪೂರ್ತಿ ಬೆಳೆಯುವವರೆಗೆ ನಿಯಮಿತವಾಗಿ ನೋಡುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ಮೂಲದ ಕೀಲನ್ನು ಯಾರೂ ಮರಳಿಸಲಾರರು. ಹತ್ತು ಹದಿನೈದು ವರ್ಷಗಳ ಉದ್ದಕ್ಕೆ ಹಲವು ಶಸ್ತ್ರಚಿಕಿತ್ಸೆ, ಶಾಲೆ ತಪ್ಪಿದ ತಿಂಗಳುಗಳು, ಕುಟುಂಬದ ಮೇಲೆ ಬೀಳುವ ಸಾಲ, ಬೆಳೆಯುವ ಹುಡುಗ ಹುಡುಗಿಯರ ಮನಸ್ಸಿಗಾಗುವ ನೋವು ಒಂದು ಕಡೆ. ಸರಿಯಾದ ದಿನದಲ್ಲಿ ಮಾಡಿದ ಒಂದು ಸಣ್ಣ ಛೇದ ಇನ್ನೊಂದು ಕಡೆ. ಮಕ್ಕಳ ಮೂಳೆ ಚಿಕಿತ್ಸೆಯಲ್ಲಿ ಇಷ್ಟು ದೊಡ್ಡ ಅಂತರ ಇನ್ನೆಲ್ಲೂ ಸುಲಭವಾಗಿ ಸಿಗದು.

ನಾವು ಮಾಡಬೇಕಾದದ್ದು

ಹಾಗಾದರೆ ಆ ದಿನವನ್ನು ಹೇಗೆ ಹಿಡಿಯುವುದು? ನನ್ನ ಸಲಹೆಗಳು ದುಬಾರಿಯಲ್ಲ.

ಮೊದಲನೆಯದು ಮನೆಗೆ ಸಂಬಂಧಿಸಿದ್ದು. ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿ, ಅತ್ತೆ, ದಾದಿಯರಿಗಿಂತ ಕೂಸಿನ ಕೈಕಾಲನ್ನು ಬಲ್ಲವರು ಇಲ್ಲ. ಒಂದು ಕಾಲು ಒದೆಯುತ್ತಿಲ್ಲ, ಮುಟ್ಟಿದರೆ ಕೂಸು ಚೀರುತ್ತದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ. ಆಗ ಉಳುಕಿರಬೇಕೆಂದು ಎಣ್ಣೆ ಹಾಕಿ ತಿಕ್ಕುವುದನ್ನೂ ಮೂಳೆ ಕೂರಿಸುವವರ ಬಳಿ ಎಳೆಸುವುದನ್ನೂ ಬಿಟ್ಟು, ಅದೇ ದಿನ ಆಸ್ಪತ್ರೆಗೆ ಕರೆತರಬೇಕು.

ಎರಡನೆಯದು ಆಶಾ ಕಾರ್ಯಕರ್ತೆಯರಿಗೆ. ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ನೋಡುವ ರಾಷ್ಟ್ರೀಯ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಅವರು 3, 7, 14, 21, 28 ಮತ್ತು 42ನೆಯ ದಿನ ನೋಡಲು ಹೋಗುತ್ತಾರೆ. ತೂಕ, ಮೈಶಾಖ, ಹಾಲು ಕುಡಿಯುವ ಬಗೆ ನೋಡುವಾಗ ಎರಡೂ ಕಾಲು ಸಮನಾಗಿ ಆಡುತ್ತವೆಯೇ ಎಂಬುದನ್ನೂ ನೋಡಲಿ. ಅದಕ್ಕೆ ಅರ್ಧ ನಿಮಿಷ ಸಾಕು, ಯಾವ ಉಪಕರಣವೂ ಬೇಡ. ತೀವ್ರ ನಿಗಾ ಘಟಕದಿಂದ ಮನೆಗೆ ಬಂದ ಕೂಸುಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಲಿ.

ಮೂರನೆಯದು ನನ್ನ ವೈದ್ಯ ಬಂಧುಗಳಿಗೆ. ಜ್ವರವಿದ್ದು ಕಾಲೂರದ ಮಗುವಿಗೆ ಆಂಟಿಬಯೊಟಿಕ್ ಸಿರಪ್ ಬರೆದು ಮೂರು ದಿನ ಬಿಟ್ಟು ಬನ್ನಿ ಎನ್ನಬೇಡಿ. ಆ ಸಿರಪ್ ರೋಗವನ್ನು ವಾಸಿ ಮಾಡುವುದಿಲ್ಲ, ಅದರ ಗುರುತುಗಳನ್ನು ಅಳಿಸುತ್ತದೆ. ನವಜಾತ ಶಿಶುವಿನ ತೊಡೆಸಂದಿನ ರಕ್ತನಾಳಕ್ಕೆ ಸೂಜಿ ಹಾಕಿ ರಕ್ತ ತೆಗೆಯುವುದರಿಂದಲೇ ಸೊಂಟದ ಕೀಲಿಗೆ ಸೋಂಕು ತಗುಲಿದ ವರದಿಗಳು ದಶಕಗಳಿಂದ ಇವೆ. ಬೇರೆ ಜಾಗ ಸಿಗುವಾಗ ಅದನ್ನು ಬಿಡಿ. ನಿಗಾ ಘಟಕಗಳಲ್ಲಿ ಕೈ ತೊಳೆಯುವ ಶಿಸ್ತು, ನಳಿಕೆಗಳ ಶುಚಿತ್ವ ಎಷ್ಟು ಕೀಲುಗಳನ್ನು ಉಳಿಸುತ್ತದೆಂದರೆ, ಯಾವ ಶಸ್ತ್ರವೈದ್ಯರೂ ಅದಕ್ಕೆ ಸರಿಗಟ್ಟಲಾರರು.

ನಾಲ್ಕನೆಯದು ಆಡಳಿತಕ್ಕೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ರಾತ್ರಿ ಹಗಲೆನ್ನದೆ ಮಗುವಿನ ಸೊಂಟದ ಅಲ್ಟ್ರಾಸೌಂಡ್ ಸಿಗಬೇಕು, ಸೂಜಿ ಹಾಕಬಲ್ಲ ಕೈ ಇರಬೇಕು, ಮಕ್ಕಳ ಅರಿವಳಿಕೆ ತಿಳಿದವರು ಇರಬೇಕು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಮಗುವನ್ನು ಎಲ್ಲಿಗೆ, ಯಾರ ಬಳಿಗೆ ಕಳಿಸಬೇಕೆಂಬುದು ಮೊದಲೇ ಬರೆದಿಟ್ಟಿರಬೇಕು. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಿಂದ ಇದೆ. ಮುರಿದ ಮೂಳೆಗೂ ಹೆರಿಗೆ ನೋವಿಗೂ ಓಡುವ ಆ ವಾಹನ, ಕಾಲು ಆಡಿಸದ ಕೂಸಿಗೂ ಅದೇ ವೇಗದಲ್ಲಿ ಓಡಬೇಕು.

ಸೊಂಟದ ಕೀಲಿನ ಕೀವು ಅಪರೂಪದ ರೋಗವಿರಬಹುದು. ಆದರೆ ಅದು ಮುಟ್ಟಿದ ಮಗುವಿಗೆ ಮುಂದಿನ ಅರವತ್ತು ಎಪ್ಪತ್ತು ವರ್ಷಗಳ ನಡಿಗೆ ಆ ಕೆಲವು ದಿನಗಳಲ್ಲೇ ತೀರ್ಮಾನವಾಗುತ್ತದೆ. ಆದುದರಿಂದ ಈ ಸಭೆಯಲ್ಲಿರುವ ಪ್ರತಿಯೊಬ್ಬರಲ್ಲೂ, ಮುಂದೆ ಈ ಉಪನ್ಯಾಸವನ್ನು ಓದುವವರಲ್ಲೂ ನನ್ನ ಬೇಡಿಕೆ ಒಂದೇ. ಕಾಲು ಅಲ್ಲಾಡಿಸದ ಕೂಸನ್ನು, ಜ್ವರದಲ್ಲಿ ಕಾಲೂರದ ಮಗುವನ್ನು ಎಲ್ಲಿ ಕಂಡರೂ ನಾಳೆ ನೋಡೋಣ ಎನ್ನಬೇಡಿ. ಅಂದೇ ಕರೆತನ್ನಿ, ಅಂದೇ ಪರೀಕ್ಷಿಸಿ, ಕೀವಿದ್ದರೆ ಅಂದೇ ತೆಗೆಯಿರಿ.